ಸೆಪ್ಟಿಕ್ ಶಾಕ್‌ನಲ್ಲಿ ಮೆಥಿಲೀನ್ ಬ್ಲೂ ಕೊಡುವ ಕ್ರಮ

ಸೋಂಕಿನ ನಂಜು ಮೈಗೇರಿ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯುವ ಸ್ಥಿತಿಯೇ ಸೆಪ್ಟಿಕ್ ಶಾಕ್. ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಪಂಪಿನ ವೇಗವನ್ನು ಮತ್ತೆ ಮತ್ತೆ ಏರಿಸಿ, ಅದೇ ಉದ್ದೇಶದ ವ್ಯಾಸೊಪ್ರೆಸಿನ್ ಸೇರಿಸಿ, ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟ ಮೇಲೂ ಮಾನಿಟರಿನಲ್ಲಿ ಸರಾಸರಿ ರಕ್ತದೊತ್ತಡ 55ರ (ಪಾದರಸದ ಮಿ.ಮೀ.) ಆಸುಪಾಸಿನಲ್ಲೇ ಉಳಿದಿರುವ ರೋಗಿಯ ಪಕ್ಕದಲ್ಲಿ ನಿಂತಿರುವ ವೈದ್ಯರಿಗಾಗಿ ಮತ್ತು ಶುಶ್ರೂಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥ ಹೊತ್ತಿನಲ್ಲಿ ಯಾರಾದರೊಬ್ಬರು ‘ಮೆಥಿಲೀನ್ ಬ್ಲೂ ಕೊಟ್ಟು ನೋಡೋಣವೇ’ ಎಂದು ಕೇಳುವುದುಂಟು. ಆ ಪ್ರಶ್ನೆ ಸಾಮಾನ್ಯವಾಗಿ ತಡವಾಗಿ ಬರುತ್ತದೆ, ಬಂದ ಮೇಲೆ ಅವಸರದಲ್ಲಿ ತೀರ್ಮಾನವಾಗುತ್ತದೆ. ಈ ಎರಡನ್ನೂ ತಪ್ಪಿಸಬಹುದೆಂಬುದು ನನ್ನ ನಂಬಿಕೆ. ಮೆಥಿಲೀನ್ ಬ್ಲೂ ನಂಜನ್ನು ಗುಣಪಡಿಸುವ ಔಷಧವಲ್ಲ. ಸಡಿಲಗೊಂಡ ರಕ್ತನಾಳಗಳಿಗೆ ಮರಳಿ ಒಂದಿಷ್ಟು ಬಿಗಿ ತಂದುಕೊಟ್ಟು, ನಂಜಿನ ಮೂಲವನ್ನು ತೆಗೆಯಲು ನಮಗೆ ಬೇಕಾದ ಸಮಯವನ್ನು ಒದಗಿಸುವುದಷ್ಟೇ ಅದರ ಕೆಲಸ. ಒಮ್ಮೆ ರಕ್ತಕ್ಕೆ ಸೇರಿದ ಮೇಲೆ ಅದು ನಮ್ಮ ಹಲವು ಅಳತೆಗಳನ್ನೇ ಮಸುಕಾಗಿಸುವುದರಿಂದ, ಕೊಡುವ ಮುಂಚಿನ ಅರ್ಧ ಗಂಟೆಯ ಕೆಲಸವು ಕೊಟ್ಟ ನಂತರದ ಕೆಲಸಕ್ಕಿಂತ ಮುಖ್ಯವಾದುದು.

ಮೊದಲಿಗೇ ಒಂದು ಮಾತು. ಇಲ್ಲಿ ಹೇಳುವುದೆಲ್ಲವೂ ಐಸಿಯುನಲ್ಲಿ, ಅಪಧಮನಿಯೊಳಗಿನ ಒತ್ತಡವನ್ನು ಕ್ಷಣಕ್ಷಣವೂ ಅಳೆಯುವ ವ್ಯವಸ್ಥೆ ಇರುವಲ್ಲಿ, ತರಬೇತಾದ ವೈದ್ಯರ ಕೈಯಲ್ಲಿ ನಡೆಯಬೇಕಾದ ಚಿಕಿತ್ಸೆ. ಬಿಪಿ ಕಡಿಮೆ ಇದೆಯೆಂದು ಮನೆಯಲ್ಲಿ ಯಾರೂ ಈ ನೀಲಿ ದ್ರಾವಣವನ್ನು ಕುಡಿಯಬಾರದು. ಪ್ರಯೋಗಾಲಯದ ಬಣ್ಣವಾಗಿಯೋ ಅಲಂಕಾರಿಕ ಮೀನುಗಳ ಔಷಧವಾಗಿಯೋ ಮಾರಾಟವಾಗುವ ಮೆಥಿಲೀನ್ ಬ್ಲೂನಲ್ಲಿ ಆರ್ಸೆನಿಕ್‌ನಂಥ ಭಾರಲೋಹಗಳ ಕಲ್ಮಶ ಇರಬಹುದು. ರಕ್ತನಾಳಕ್ಕೆ ಕೊಡಲು ಫಾರ್ಮಾಕೋಪಿಯಾ ದರ್ಜೆಯ, ಚುಚ್ಚುಮದ್ದಿಗೆಂದೇ ತಯಾರಾದ ಬಾಟಲಿಯನ್ನಲ್ಲದೆ ಬೇರೇನನ್ನೂ ಬಳಸಕೂಡದು.

ರಕ್ತನಾಳ ಏಕೆ ಸಡಿಲವಾಗುತ್ತದೆ

ನಮ್ಮ ರಕ್ತನಾಳಗಳ ಒಳಪದರವು ಎಲ್ಲ ಕಾಲದಲ್ಲೂ ಸ್ವಲ್ಪ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉತ್ಪಾದಿಸುತ್ತಲೇ ಇರುತ್ತದೆ. ಅದು ಪಕ್ಕದ ಸ್ನಾಯುಕೋಶದೊಳಗೆ ಹೋಗಿ ಗ್ವಾನಿಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಚ್ಚರಿಸುತ್ತದೆ, ಆ ಕಿಣ್ವವು ಸೈಕ್ಲಿಕ್ ಜಿಎಂಪಿ ಎಂಬ ವಸ್ತುವನ್ನು ತಯಾರಿಸುತ್ತದೆ, ಅದರ ಪ್ರಮಾಣ ಏರಿದಂತೆ ಸ್ನಾಯು ಸಡಿಲವಾಗುತ್ತದೆ. ಆರೋಗ್ಯವಂತರಲ್ಲಿ ಇದು ಹದವಾಗಿ ನಡೆಯುವ ಕ್ರಿಯೆ. ನಂಜು ಏರಿದಾಗ ಇದೇ ಅನಿಲವನ್ನು ತಯಾರಿಸುವ ಮತ್ತೊಂದು ಬಗೆಯ ಕಿಣ್ವ ಹುಟ್ಟಿಕೊಂಡು, ತಡೆಯಿಲ್ಲದೆ ಗಂಟೆಗಟ್ಟಲೆ ನೈಟ್ರಿಕ್ ಆಕ್ಸೈಡ್ ಸುರಿಯತೊಡಗುತ್ತದೆ. ಜೊತೆಗೆ ಅಡ್ರಿನಲಿನ್ ಗುಂಪಿನ ಔಷಧಗಳು ಹಿಡಿದು ಕೆಲಸ ಮಾಡುವ ಗ್ರಾಹಕಗಳು ಮಂಕಾಗುತ್ತವೆ, ರಕ್ತದ ಆಮ್ಲೀಯತೆ ಹೆಚ್ಚಿ ಅವುಗಳ ಪ್ರಭಾವ ಇನ್ನಷ್ಟು ಕುಗ್ಗುತ್ತದೆ. ನಾರ್‌ಅಡ್ರಿನಲಿನ್ ಎಷ್ಟು ಏರಿಸಿದರೂ ನಾಳಗಳು ಓಗೊಡದ ಈ ಸ್ಥಿತಿಗೆ ವ್ಯಾಸೊಪ್ಲೀಜಿಯಾ ಎಂದು ಹೆಸರು.

ಮೆಥಿಲೀನ್ ಬ್ಲೂ ಈ ಸರಪಳಿಯನ್ನು ಎರಡು ಕಡೆ ಕತ್ತರಿಸುತ್ತದೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನೂ ಗ್ವಾನಿಲೇಟ್ ಸೈಕ್ಲೇಸನ್ನೂ ತಡೆಹಿಡಿದು ಸೈಕ್ಲಿಕ್ ಜಿಎಂಪಿ ಏರದಂತೆ ನೋಡಿಕೊಳ್ಳುತ್ತದೆ. ಅಡ್ರಿನಲಿನ್ ಗ್ರಾಹಕಗಳ ಹಂಗು ಅದಕ್ಕಿಲ್ಲ. ಉಳಿದ ಔಷಧಗಳು ಸೋತಲ್ಲಿ ಇದು ಕೆಲಸಕ್ಕೆ ಬರುವ ಸಾಧ್ಯತೆ ಇರುವುದು ಈ ಕಾರಣಕ್ಕೆ. 1876ರಲ್ಲಿ ಹೈನ್ರಿಕ್ ಕಾರೊ ಬಟ್ಟೆಗೆ ಬಣ್ಣ ಹಾಕಲೆಂದು ತಯಾರಿಸಿದ ವಸ್ತುವಿದು. 1891ರಲ್ಲಿ ಪಾಲ್ ಎರ್ಲಿಕ್ ಮತ್ತು ಪಾಲ್ ಗುಟ್‌ಮನ್ ಇದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟಿದ್ದರು. ಇಂದು ಇದಕ್ಕೆ ಅಧಿಕೃತ ಅನುಮತಿ ಇರುವುದು ಮುಖ್ಯವಾಗಿ ಮೆಥೆಮೊಗ್ಲೋಬಿನೀಮಿಯಾ ಎಂಬ ರಕ್ತದ ತೊಂದರೆಯ ಚಿಕಿತ್ಸೆಗೆ. ಸೆಪ್ಟಿಕ್ ಶಾಕ್‌ನಲ್ಲಿ ಇದರ ಬಳಕೆ ಅನುಮೋದಿತ ಉದ್ದೇಶದ ಆಚೆಗಿನದು ಎಂಬುದನ್ನು ವೈದ್ಯರು ತಾವೂ ನೆನಪಿಟ್ಟುಕೊಂಡು, ರೋಗಿಯ ಮನೆಯವರಿಗೂ ತಿಳಿಸಬೇಕು.

ಎಷ್ಟು ನಂಬಬಹುದು

2001ರಲ್ಲಿ ಪ್ರಕಟವಾದ, ಕೇವಲ 20 ರೋಗಿಗಳ ಒಂದು ಅಧ್ಯಯನದಲ್ಲಿ ಕೆ.ಜಿ.ಗೆ 2 ಮಿ.ಗ್ರಾಂ. ಮೊದಲು ಕೊಟ್ಟು, ಆಮೇಲೆ ಗಂಟೆಗೊಮ್ಮೆ ಏರಿಸುತ್ತ ನಾಲ್ಕು ಗಂಟೆ ಹನಿಸಿದಾಗ ರಕ್ತದೊತ್ತಡ ಏರಿತು, ನಾರ್‌ಅಡ್ರಿನಲಿನ್ ಅಗತ್ಯ ಕುಗ್ಗಿತು. ಮೆಕ್ಸಿಕೊದ ಒಂದೇ ಕೇಂದ್ರದಲ್ಲಿ ನಡೆದು 2023ರಲ್ಲಿ ಪ್ರಕಟವಾದ, 91 ರೋಗಿಗಳ ಅಧ್ಯಯನ ಇದಕ್ಕಿಂತ ಗಟ್ಟಿಯಾದುದು. ಶಾಕ್ ಆರಂಭವಾದ 24 ಗಂಟೆಯೊಳಗೆ ರೋಗಿಯನ್ನು ಸೇರಿಸಿಕೊಂಡು, ದಿನಕ್ಕೆ 100 ಮಿ.ಗ್ರಾಂ.ನಂತೆ ಆರು ಗಂಟೆ ಕಾಲ ಹನಿಸಿ, ಮೂರು ದಿನ ಕೊಡಲಾಯಿತು. ಒತ್ತಡ ಏರಿಸುವ ಔಷಧಗಳನ್ನು ನಿಲ್ಲಿಸಲು ಮೆಥಿಲೀನ್ ಬ್ಲೂ ಪಡೆದವರಿಗೆ 69 ಗಂಟೆ ಹಿಡಿದರೆ, ಉಳಿದವರಿಗೆ 94 ಗಂಟೆ ಹಿಡಿಯಿತು. ಐಸಿಯು ವಾಸವೂ ಕೊಂಚ ಕಡಿಮೆಯಾಯಿತು. ಆದರೆ ಸಾವಿನ ಪ್ರಮಾಣದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಂಡುಬರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಕಹಿ ಪಾಠವನ್ನು ಇಟ್ಟು ನೋಡಬೇಕು. ನೈಟ್ರಿಕ್ ಆಕ್ಸೈಡ್ ಉತ್ಪಾದನೆಯನ್ನು ಸಾರಾಸಗಟಾಗಿ ತಡೆಯುವ, 546ಸಿ88 ಎಂಬ ಸಂಕೇತನಾಮದ ಬೇರೊಂದು ಔಷಧವನ್ನು 797 ರೋಗಿಗಳಲ್ಲಿ ಪರೀಕ್ಷಿಸಲಾಗಿತ್ತು. ಅದು ರಕ್ತದೊತ್ತಡವನ್ನು ಚೆನ್ನಾಗಿಯೇ ಏರಿಸಿತು. ಹಾಗಿದ್ದೂ ಔಷಧ ಪಡೆದವರಲ್ಲಿ 59 ಶೇಕಡಾ ಮಂದಿ, ಪಡೆಯದವರಲ್ಲಿ 49 ಶೇಕಡಾ ಮಂದಿ 28 ದಿನಗಳೊಳಗೆ ತೀರಿಕೊಂಡದ್ದರಿಂದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ನಾಳ ಬಿಗಿದು, ಮಾನಿಟರಿನ ಅಂಕಿ ಏರಿ, ಅಂಗಾಂಗಗಳಿಗೆ ಹರಿಯುವ ರಕ್ತ ಮಾತ್ರ ಕಡಿಮೆಯಾಗುವುದು ಸಾಧ್ಯವಿದೆ. ಮೆಥಿಲೀನ್ ಬ್ಲೂ ಹನಿಯುತ್ತಿರುವಾಗ ಬರೀ ಒತ್ತಡದ ಅಂಕಿಯನ್ನು ನೋಡಿ ಸಮಾಧಾನಪಡಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕೊಡುವ ಮುನ್ನ: ಇದು ನಿಜಕ್ಕೂ ನಾಳಗಳ ಸಡಿಲವೇ?

ಕಡಿಮೆ ರಕ್ತದೊತ್ತಡಕ್ಕೆ ಕಾರಣಗಳು ಹಲವು, ಮೆಥಿಲೀನ್ ಬ್ಲೂ ಉತ್ತರವಾಗುವುದು ಅವುಗಳಲ್ಲಿ ಒಂದಕ್ಕೆ ಮಾತ್ರ. ಹೃದಯದ ಸಂಕೋಚನವೇ ಸೋತಿದ್ದರೆ ನಾಳಗಳನ್ನು ಬಿಗಿಗೊಳಿಸುವುದರಿಂದ ಹೃದಯದ ಹೊರೆ ಹೆಚ್ಚುತ್ತದೆ. ಆದ್ದರಿಂದ ಎಕೊ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡದೆ ಈ ಔಷಧವನ್ನು ಮುಟ್ಟಬೇಡಿ. ಎಡ ಹೃತ್ಕುಕ್ಷಿ ಚೆನ್ನಾಗಿ ಬಡಿಯುತ್ತಿದೆಯೇ, ಬಲ ಹೃತ್ಕುಕ್ಷಿ ಹಿಗ್ಗಿದೆಯೇ, ಹೃದಯದ ಸುತ್ತ ನೀರು ತುಂಬಿದೆಯೇ ಎಂಬುದನ್ನು ಹತ್ತು ನಿಮಿಷದಲ್ಲಿ ನೋಡಬಹುದು. ವೆಂಟಿಲೇಟರ್‌ನಲ್ಲಿರುವ ರೋಗಿಯ ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿಲ್ಲವೆಂದೂ, ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿಲ್ಲವೆಂದೂ, ಅಯಾನೀಕೃತ ಕ್ಯಾಲ್ಸಿಯಂ ಕುಸಿದಿಲ್ಲವೆಂದೂ ಖಚಿತಪಡಿಸಿಕೊಳ್ಳಿ. ನಾಳಗಳು ಸಡಿಲಗೊಂಡ ರೋಗಿಯಲ್ಲಿ ಸಾಮಾನ್ಯವಾಗಿ ಡಯಾಸ್ಟೋಲಿಕ್ ಒತ್ತಡ (ಬಿಪಿಯ ಕೆಳಗಿನ ಅಂಕಿ) ಬಹಳ ಕೆಳಗಿಳಿದಿರುತ್ತದೆ, ಹೃದಯ ವೇಗವಾಗಿ, ಬಲವಾಗಿಯೇ ಬಡಿಯುತ್ತಿರುತ್ತದೆ.

ಅಳತೆಯನ್ನೂ ಅನುಮಾನಿಸಿ. ಒಮ್ಮೆ ರಾತ್ರಿ ಪಾಳಿಯಲ್ಲಿ ನನ್ನನ್ನು ಕರೆದು, ನಾರ್‌ಅಡ್ರಿನಲಿನ್ ದುಪ್ಪಟ್ಟಾದರೂ ಒತ್ತಡ 52ರಿಂದ ಮೇಲೇಳುತ್ತಿಲ್ಲ, ಮೆಥಿಲೀನ್ ಬ್ಲೂ ತರಿಸಲೇ ಎಂದು ಕೇಳಿದರು. ಹೋಗಿ ನೋಡಿದರೆ ರೋಗಿಯ ಅಂಗೈ ಬೆಚ್ಚಗಿತ್ತು, ಉಗುರು ಒತ್ತಿ ಬಿಟ್ಟಾಗ ಎರಡೇ ಸೆಕೆಂಡಿನಲ್ಲಿ ಕೆಂಪು ಮರಳುತ್ತಿತ್ತು, ಮೂತ್ರವೂ ಬರುತ್ತಿತ್ತು. ಮಗ್ಗುಲು ಬದಲಿಸುವಾಗ ಹಾಸಿಗೆಯನ್ನು ಸುಮಾರು ಒಂದು ಗೇಣು ತಗ್ಗಿಸಿದ್ದರು, ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಮಾತ್ರ ಕಂಬಕ್ಕೆ ಕಟ್ಟಿದಲ್ಲೇ ಉಳಿದಿತ್ತು. ಹೃದಯದ ಮಟ್ಟಕ್ಕಿಂತ ಅದು 10 ಸೆಂ.ಮೀ. ಮೇಲಿದ್ದರೆ ಒತ್ತಡ ಸುಮಾರು 7 ಮಿ.ಮೀ. ಕಡಿಮೆ ತೋರುತ್ತದೆ. ಅದನ್ನು ಎದೆಯ ಮಟ್ಟಕ್ಕಿಳಿಸಿ ಸೊನ್ನೆ ಹೊಂದಿಸಿದ ಕೂಡಲೇ ಅಂಕಿ 67ಕ್ಕೆ ಬಂತು. ಅಂದು ನಾವು ಔಷಧ ಕೊಟ್ಟಿದ್ದರೆ, ಆ ‘ಯಶಸ್ಸು’ ನಮ್ಮನ್ನು ಮುಂದಿನ ಎಷ್ಟು ರೋಗಿಗಳ ವಿಷಯದಲ್ಲಿ ದಾರಿತಪ್ಪಿಸುತ್ತಿತ್ತೋ ಎಂದು ಈಗಲೂ ಅಳುಕುತ್ತೇನೆ.

ಇನ್ನು ಮೂಲ ಚಿಕಿತ್ಸೆಯ ಲೆಕ್ಕ. ಆ್ಯಂಟಿಬಯೋಟಿಕ್ ಸರಿಯಾದುದು ಹೋಗಿದೆಯೇ, ಕೀವು ತುಂಬಿದ ಜಾಗವನ್ನು ಬಸಿಯಲಾಗಿದೆಯೇ, ತೂತಾದ ಕರುಳಿಗೆ ಶಸ್ತ್ರಚಿಕಿತ್ಸೆಯ ಏರ್ಪಾಡಾಗಿದೆಯೇ, ಸೋಂಕಿದ ಸೆಂಟ್ರಲ್ ಲೈನ್ (ದೊಡ್ಡ ಅಭಿಧಮನಿಗೆ ಹಾಕಿದ ಕೊಳವೆ) ತೆಗೆದಾಗಿದೆಯೇ? ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯ 2021ರ ಆವೃತ್ತಿಯು ಮೊದಲ ಮೂರು ಗಂಟೆಯೊಳಗೆ ಕೆ.ಜಿ.ಗೆ ಕನಿಷ್ಠ 30 ಮಿ.ಲೀ. ದ್ರವ, ಸರಾಸರಿ ಒತ್ತಡಕ್ಕೆ 65ರ ಗುರಿ, ಮೊದಲ ಔಷಧವಾಗಿ ನಾರ್‌ಅಡ್ರಿನಲಿನ್, ಅದು ಕೆ.ಜಿ.ಗೆ ನಿಮಿಷಕ್ಕೆ 0.25ರಿಂದ 0.5 ಮೈಕ್ರೊಗ್ರಾಂ ಮುಟ್ಟಿದಾಗ ವ್ಯಾಸೊಪ್ರೆಸಿನ್, 0.25ರ ಮೇಲೆ ನಾಲ್ಕು ಗಂಟೆಯಾದರೂ ಸಾಗಿದರೆ ದಿನಕ್ಕೆ 200 ಮಿ.ಗ್ರಾಂ. ಹೈಡ್ರೊಕಾರ್ಟಿಸೋನ್ ಎಂಬ ಏಣಿಯನ್ನು ಕೊಟ್ಟಿದೆ. ಮೆಥಿಲೀನ್ ಬ್ಲೂ ಈ ಮೆಟ್ಟಿಲುಗಳ ನಂತರದ್ದು, ಅವುಗಳ ಬದಲಿಗೆ ಬರುವುದಲ್ಲ. ಆದರೆ ಏಣಿ ಮುಗಿದ ಮೇಲೆ ಕಾಯುತ್ತ ಕೂರಬೇಡಿ. ನಾರ್‌ಅಡ್ರಿನಲಿನ್ 0.5 ದಾಟುತ್ತಿದ್ದು, ವ್ಯಾಸೊಪ್ರೆಸಿನ್ ಮತ್ತು ಸ್ಟಿರಾಯ್ಡ್ ಸೇರಿದ್ದೂ ಏರಿಕೆ ನಿಲ್ಲದಿದ್ದರೆ ಆಗಲೇ ತೀರ್ಮಾನಿಸಬೇಕೆಂಬುದು ನನ್ನ ಅಭಿಪ್ರಾಯ. ಬೆರಳುಗಳು ಕಪ್ಪಿಟ್ಟು, ಅಂಗಾಂಶಗಳಿಗೆ ರಕ್ತ ಸಾಲದಾದಾಗ ಏರುವ ಲ್ಯಾಕ್ಟೇಟ್ 15 ಮುಟ್ಟಿ, ಅಂಗಗಳೆಲ್ಲ ಕೈಬಿಟ್ಟ ಮೂರನೆಯ ದಿನ ಕೊಟ್ಟರೆ ಅದರಿಂದ ಉಪಕಾರವಾಗುವುದನ್ನು ನಾನು ಕಂಡಿಲ್ಲ.

ಯಾರಿಗೆ ಕೊಡಬಾರದು

ಈ ಭಾಗವನ್ನು ನಿಧಾನವಾಗಿ ಓದಿಕೊಳ್ಳಿ, ಏಕೆಂದರೆ ಈ ಔಷಧದಿಂದ ಆಗುವ ದೊಡ್ಡ ಅನಾಹುತಗಳು ಬಹುಪಾಲು ಇಲ್ಲಿಯೇ ಹುಟ್ಟುತ್ತವೆ.

ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಮೆಥಿಲೀನ್ ಬ್ಲೂ ಕೊಡಬಾರದು. ಈ ಬಣ್ಣವನ್ನು ದೇಹವು ನಿರಪಾಯಕಾರಿ ರೂಪಕ್ಕೆ ಇಳಿಸಲು ಬೇಕಾದ ಶಕ್ತಿ ಆ ಕಿಣ್ವದ ದಾರಿಯಿಂದಲೇ ಬರಬೇಕು. ಕಿಣ್ವ ಇಲ್ಲದವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಈ ಕೊರತೆ ಎಕ್ಸ್ ವರ್ಣತಂತುವಿನ ಮೂಲಕ ಬರುವುದರಿಂದ ಗಂಡಸರಲ್ಲಿ ಹೆಚ್ಚು. ಶಾಕ್‌ನಲ್ಲಿರುವ ರೋಗಿಯ ಪರೀಕ್ಷಾ ವರದಿಗಾಗಿ ಕಾಯಲು ಯಾವಾಗಲೂ ಆಗುವುದಿಲ್ಲ, ರಕ್ತ ಕೊಟ್ಟ ಮೇಲೆ ಮಾಡಿದ ಪರೀಕ್ಷೆ ಸುಳ್ಳೇ ಸರಿಯಿದೆಯೆಂದು ತೋರಿಸಲೂಬಹುದು. ಹಾಗಾಗಿ ಐಸಿಯುಗೆ ಸೇರಿಸುವಾಗಲೇ ಒಂದು ಮಾದರಿ ಕಳುಹಿಸಿಡುವುದು ಒಳ್ಳೆಯ ರೂಢಿ. ಅದೂ ಆಗದಿದ್ದರೆ ಮನೆಯವರನ್ನು ನೇರವಾಗಿ ಕೇಳಿ: ಹುಟ್ಟಿದಾಗ ಕಾಮಾಲೆ ತೀವ್ರವಾಗಿತ್ತೇ? ಯಾವುದಾದರೂ ಮಾತ್ರೆ ತಿಂದ ಮೇಲೆ, ಅದರಲ್ಲೂ ಮಲೇರಿಯಾಕ್ಕೆ ಪ್ರಿಮಾಕ್ವಿನ್ ತೆಗೆದುಕೊಂಡಾಗ, ಮೂತ್ರ ಕಪ್ಪಗೆ ಹೋದದ್ದುಂಟೇ? ಮನೆತನದಲ್ಲಿ ಇನ್ಯಾರಿಗಾದರೂ ಹಾಗೆ ಆಗಿತ್ತೇ?

ಎರಡನೆಯದು ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್ ಎಂಬ ವಸ್ತುವಿನ ವಿಷಯ. ಮೆಥಿಲೀನ್ ಬ್ಲೂ ಅದನ್ನು ಒಡೆಯುವ ಮೊನೊಅಮೈನ್ ಆಕ್ಸಿಡೇಸ್ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಸಿರೊಟೋನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿರುವವರಿಗೆ ಇದನ್ನು ಕೊಟ್ಟರೆ ಸಿರೊಟೋನಿನ್ ಸಿಂಡ್ರೋಮ್ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದೆಂದು ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಸರ್ಟ್ರಾಲಿನ್, ಎಸಿಟಲೊಪ್ರಾಮ್, ಫ್ಲುಒಕ್ಸಿಟಿನ್, ವೆನ್ಲಫಾಕ್ಸಿನ್, ಡುಲೊಕ್ಸಿಟಿನ್ ಇವೆಲ್ಲ ಆ ಸಾಲಿನವು. ಆಸ್ಪತ್ರೆಯಲ್ಲಿ ನಾವೇ ಕೊಡುತ್ತಿರುವ ಔಷಧಗಳನ್ನೂ ಮರೆಯಬಾರದು. ಟ್ರಮಡಾಲ್, ಪೆಥಿಡಿನ್, ಫೆಂಟನಿಲ್ ಇವುಗಳಿಗೂ ಸಿರೊಟೋನಿನ್ ಜೊತೆ ಸಂಬಂಧವಿದೆ. ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಲಿನೆಜೊಲಿಡ್. ನಂಜಿನ ರೋಗಿಗೆ ಆ್ಯಂಟಿಬಯೋಟಿಕ್ ಆಗಿ ಅದನ್ನು ಬರೆದಿರುವುದು ಸಾಮಾನ್ಯ, ಮತ್ತು ಅದು ಕೂಡ ಅದೇ ಕಿಣ್ವವನ್ನು ತಡೆಯುವ ವಸ್ತು. ಔಷಧದ ಚಾರ್ಟನ್ನು ಮೇಲಿನಿಂದ ಕೆಳಗಿನವರೆಗೆ ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿಸಿಕೊಳ್ಳುವುದು ಇದಕ್ಕೆ ನಾನು ಕಂಡುಕೊಂಡ ಅತ್ಯುತ್ತಮ ಉಪಾಯ.

ಶ್ವಾಸಕೋಶದ ರಕ್ತನಾಳಗಳಲ್ಲಿ ಈಗಾಗಲೇ ಒತ್ತಡ ಏರಿರುವವರಿಗೆ, ಬಲ ಹೃದಯ ಸೋಲುತ್ತಿರುವವರಿಗೆ, ಆಮ್ಲಜನಕ ತೀರಾ ಕುಸಿದಿರುವ ತೀವ್ರ ಎಆರ್‌ಡಿಎಸ್ (ಉರಿಯೂತದಿಂದ ಶ್ವಾಸಕೋಶ ಸೋಲುವ ಸ್ಥಿತಿ) ರೋಗಿಗಳಿಗೆ ಇದು ತೊಂದರೆ ಹೆಚ್ಚಿಸಬಹುದು. ಗರ್ಭಿಣಿಯರಲ್ಲಿ ಭ್ರೂಣಕ್ಕೆ ಹಾನಿಯಾಗುವ ಅಪಾಯವಿದೆ. ನವಜಾತ ಶಿಶುಗಳಲ್ಲಿ ರಕ್ತಕಣ ಒಡೆದು ಕಾಮಾಲೆ ಏರಬಹುದು. ಅವರ ಮಟ್ಟಿಗೆ ಈ ಬರಹದ ಪ್ರಮಾಣಗಳನ್ನು ಅನ್ವಯಿಸಬೇಡಿ. ಇಂಥ ತಡೆ ಇರುವ ವಯಸ್ಕರಲ್ಲಿ ಆ್ಯಂಜಿಯೊಟೆನ್ಸಿನ್ 2 ಅಥವಾ ಹೈಡ್ರಾಕ್ಸೊಕೊಬಾಲಮಿನ್ ಎಂಬ, ಒತ್ತಡ ಏರಿಸುವ ಬೇರೆ ಔಷಧಗಳ ಬಗ್ಗೆ ಯೋಚಿಸಬಹುದು, ಲಭ್ಯತೆ ಇದ್ದರೆ.

ಬಣ್ಣ ಸೇರುವ ಮೊದಲು ಬರೆದಿಡಬೇಕಾದದ್ದು

ಔಷಧ ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ಬೆರಳಿನ ಪಲ್ಸ್ ಆಕ್ಸಿಮೀಟರ್ ತಪ್ಪು ಹೇಳತೊಡಗುತ್ತದೆ. ಅದು ಬಳಸುವ ಕೆಂಪು ಬೆಳಕಿನ ತರಂಗಾಂತರ 660 ನ್ಯಾನೊಮೀಟರ್, ಮೆಥಿಲೀನ್ ಬ್ಲೂ ಅತ್ಯಂತ ಹೆಚ್ಚಾಗಿ ಹೀರುವ ಬೆಳಕು ಅದರ ಪಕ್ಕದಲ್ಲೇ ಇದೆ. ಮಾನಿಟರಿನಲ್ಲಿ 97 ಇದ್ದದ್ದು ನೋಡನೋಡುತ್ತಿದ್ದಂತೆ 90ಕ್ಕೆ, 84ಕ್ಕೆ ಇಳಿಯುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಮುಂಚೆಯೇ ಹೇಳಿರದಿದ್ದರೆ ಪಕ್ಕದಲ್ಲಿರುವ ಶುಶ್ರೂಷಕರು ವೆಂಟಿಲೇಟರಿನ ಆಮ್ಲಜನಕ ಏರಿಸುತ್ತಾರೆ, ಅದು ಸಹಜ. ಹಾಗೆಂದು ‘ಇದು ಬಣ್ಣದ ಆಟ’ ಎಂದು ತಳ್ಳಿಹಾಕಿದರೆ ನಿಜವಾದ ಕುಸಿತ ಅದರ ಹಿಂದೆ ಅಡಗಿಕೊಳ್ಳಬಹುದು. ಆದ್ದರಿಂದ ಮೊದಲೇ ಒಂದು ಅಪಧಮನಿ ರಕ್ತದ ಅನಿಲ ಪರೀಕ್ಷೆ ಮಾಡಿ ಆಮ್ಲಜನಕದ ಆಂಶಿಕ ಒತ್ತಡವನ್ನು ಬರೆದಿಡಿ, ಕೊಟ್ಟ ಮೇಲೆ ಅರ್ಧ ಗಂಟೆಗೊಮ್ಮೆಯಾದರೂ ಅದೇ ಪರೀಕ್ಷೆಯಿಂದ ಹೋಲಿಸಿ. ಆಂಶಿಕ ಒತ್ತಡ ಅಳೆಯುವ ಎಲೆಕ್ಟ್ರೋಡಿಗೆ ಬಣ್ಣದ ಬಾಧೆಯಿಲ್ಲ, ಬೆಳಕಿನಿಂದ ಅಳೆಯುವ ಕೊ-ಆಕ್ಸಿಮೀಟರಿಗೆ ಇದೆ.

ಹಿಮೊಗ್ಲೋಬಿನ್, ಬಿಲಿರುಬಿನ್, ಎಲ್‌ಡಿಎಚ್, ಲ್ಯಾಕ್ಟೇಟ್, ಕ್ರಿಯಾಟಿನಿನ್ ಇವುಗಳಿಗೆ ಮೊದಲೇ ಮಾದರಿ ತೆಗೆದಿಡಿ. ಬೆರಳ ತುದಿಗೆ ರಕ್ತ ಮರಳುವ ಸೆಕೆಂಡುಗಳನ್ನು ಎಣಿಸಿ ಬರೆದಿಡಿ. ನೀಲಿಗಟ್ಟುವಿಕೆಯನ್ನು ನೋಡಿ ಅಂದಾಜಿಸುವ ಅಭ್ಯಾಸವನ್ನು ಮುಂದಿನ ಒಂದೆರಡು ದಿನ ಬದಿಗಿಡಬೇಕಾಗುತ್ತದೆ, ಏಕೆಂದರೆ ಚರ್ಮವೇ ನೀಲಿ ಛಾಯೆ ತಾಳಬಹುದು. ಅರಿವಳಿಕೆಯ ಆಳವನ್ನು ಅಳೆಯುವ ಬಿಐಎಸ್ ಅಂಕಿಯೂ ಇಳಿಯಬಹುದು.

ಮನೆಯವರನ್ನು ಕರೆದು ಮಾತನಾಡುವುದೂ ಈ ಹೊತ್ತಿನ ಕೆಲಸವೇ. ನಾನು ಹೀಗೆ ಹೇಳುತ್ತೇನೆ: ‘ಸೋಂಕಿನಿಂದ ನಿಮ್ಮ ತಂದೆಯವರ ರಕ್ತನಾಳಗಳು ಸಡಿಲವಾಗಿ ಬಿಪಿ ನಿಲ್ಲುತ್ತಿಲ್ಲ. ಸಾಮಾನ್ಯವಾಗಿ ಕೊಡುವ ಔಷಧಗಳನ್ನೆಲ್ಲ ಕೊಟ್ಟಿದ್ದೇವೆ. ಈಗ ಇನ್ನೊಂದು ಔಷಧ ಕೊಡಬೇಕೆಂದಿದ್ದೇವೆ. ಅದು ಸೋಂಕನ್ನು ವಾಸಿಮಾಡುವುದಿಲ್ಲ, ಬಿಪಿ ನಿಲ್ಲಿಸಲು ನೆರವಾಗಬಹುದು, ಆಗದೆಯೂ ಇರಬಹುದು. ಮೂತ್ರ ಹಸಿರು ಅಥವಾ ನೀಲಿಯಾಗುತ್ತದೆ, ಮೈ ಸ್ವಲ್ಪ ನೀಲಿಯಾಗಿ ಕಾಣಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ.’ ಮನೆಯಲ್ಲಿ ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆಂದು ಆಗಲೇ ಮತ್ತೊಮ್ಮೆ ಕೇಳಿ. ಖಿನ್ನತೆಯ ಮಾತ್ರೆಯ ವಿಷಯ ಮೊದಲ ಸಲ ಕೇಳಿದಾಗ ಹೊರಬೀಳದೆ, ಬದಿಗೆ ಕರೆದು ಮೆಲ್ಲನೆ ಕೇಳಿದಾಗ ತಿಳಿದುಬರುವುದುಂಟು.

ತಯಾರಿ ಮತ್ತು ಪ್ರಮಾಣ

ಬಾಟಲಿಯ ಮೇಲಿನ ಸಾಂದ್ರತೆಯನ್ನು ಓದಿಯೇ ಲೆಕ್ಕ ಹಾಕಿ. 1 ಶೇಕಡಾ ದ್ರಾವಣ ಎಂದರೆ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ., 0.5 ಶೇಕಡಾ ಎಂದರೆ 5 ಮಿ.ಗ್ರಾಂ. 60 ಕೆ.ಜಿ. ತೂಕದ ರೋಗಿಗೆ ಕೆ.ಜಿ.ಗೆ 2 ಮಿ.ಗ್ರಾಂ.ನಂತೆ 120 ಮಿ.ಗ್ರಾಂ. ಬೇಕಾದರೆ, ಮೊದಲ ಬಾಟಲಿಯಿಂದ 12 ಮಿ.ಲೀ., ಎರಡನೆಯದರಿಂದ 24 ಮಿ.ಲೀ. ಬೇಕಾಗುತ್ತದೆ. ಒಂದನ್ನು ಇನ್ನೊಂದೆಂದು ಎಣಿಸಿದರೆ ಪ್ರಮಾಣ ಇಮ್ಮಡಿಯೋ ಅರ್ಧವೋ ಆಗಿಬಿಡುತ್ತದೆ. ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ತಾಳೆ ನೋಡಲಿ. ಶಾಕ್‌ನಲ್ಲಿ ದ್ರವ ತುಂಬಿ ಊದಿಕೊಂಡ ರೋಗಿಯ ಇಂದಿನ ತೂಕವನ್ನಲ್ಲ, ಕಾಯಿಲೆಗೆ ಮುಂಚಿನ ತೂಕವನ್ನೇ ಹಿಡಿಯುವುದು ನನ್ನ ಪದ್ಧತಿ.

ಇದನ್ನು 50ರಿಂದ 100 ಮಿ.ಲೀ. 5 ಶೇಕಡಾ ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸಿ. ಸಲೈನಿನಲ್ಲಿರುವ ಕ್ಲೋರೈಡ್‌ನಿಂದ ಮೆಥಿಲೀನ್ ಬ್ಲೂ ಕರಗುವಿಕೆ ಕುಗ್ಗುತ್ತದೆಂದು ತಯಾರಕರ ಸೂಚನೆ ಹೇಳುತ್ತದೆ. ಮೇಲೆ ಹೇಳಿದ ಮೆಕ್ಸಿಕೊ ಅಧ್ಯಯನದಲ್ಲಿ 500 ಮಿ.ಲೀ. ಸಲೈನಿನಲ್ಲಿ ತೆಳುವಾಗಿ ಬೆರೆಸಿ ಕೊಟ್ಟಿದ್ದರೂ, ಕಡಿಮೆ ದ್ರವದಲ್ಲಿ ಬೆರೆಸುವಾಗ ಡೆಕ್ಸ್‌ಟ್ರೋಸ್ ಬಳಸುವುದೇ ಸುರಕ್ಷಿತ. ಬೇರೆ ಯಾವ ಔಷಧದೊಡನೆಯೂ ಒಂದೇ ಸಿರಿಂಜಿನಲ್ಲಿ ಸೇರಿಸಬೇಡಿ. ಸೆಂಟ್ರಲ್ ಲೈನಿನ ಒಂದು ಪ್ರತ್ಯೇಕ ಕವಲಿನಿಂದ ಕೊಡಿ. ಕೈಯ ಸಣ್ಣ ನಾಳದಿಂದ ಹೊರಸೋರಿದರೆ ಸುತ್ತಲಿನ ಅಂಗಾಂಶ ಸಾಯಬಹುದು. ನಾರ್‌ಅಡ್ರಿನಲಿನ್ ಹೋಗುತ್ತಿರುವ ಕವಲಿಗೆ ಇದನ್ನು ಜೋಡಿಸಿದರೆ ಕೊಳವೆಯೊಳಗಿದ್ದ ನಾರ್‌ಅಡ್ರಿನಲಿನ್ ಒಮ್ಮೆಲೇ ಒಳನುಗ್ಗಿ ಒತ್ತಡ ಜಿಗಿಯುತ್ತದೆ. ಅದನ್ನು ಮೆಥಿಲೀನ್ ಬ್ಲೂನ ಗುಣವೆಂದು ತಪ್ಪಾಗಿ ತಿಳಿದವರನ್ನೂ ನೋಡಿದ್ದೇನೆ.

ಕೊಡುವ ವಿಧಾನಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಕೆ.ಜಿ.ಗೆ 1ರಿಂದ 2 ಮಿ.ಗ್ರಾಂ. ಪ್ರಮಾಣವನ್ನು 20ರಿಂದ 30 ನಿಮಿಷಗಳಲ್ಲಿ ಸಿರಿಂಜ್ ಪಂಪಿನಿಂದ ಕೊಟ್ಟು, ಒತ್ತಡ ಏರಿದರೆ ಮಾತ್ರ ಗಂಟೆಗೆ ಕೆ.ಜಿ.ಗೆ 0.25ರಿಂದ 0.5 ಮಿ.ಗ್ರಾಂ.ನಂತೆ ಕೆಲವು ಗಂಟೆ ಮುಂದುವರಿಸುತ್ತಾರೆ. ಎರಡನೆಯದು 100 ಮಿ.ಗ್ರಾಂ. ಅನ್ನು ಆರು ಗಂಟೆ ಹನಿಸಿ, ದಿನಕ್ಕೊಮ್ಮೆಯಂತೆ ಮೂರು ದಿನ ಕೊಡುವ ಕ್ರಮ. ಒತ್ತಡ ಕಣ್ಣೆದುರೇ ಕುಸಿಯುತ್ತಿದ್ದರೆ ಮೊದಲನೆಯದು ಬೇಗ ಉತ್ತರ ಕೊಡುತ್ತದೆ. ಒತ್ತಡ ಹೇಗೋ ನಿಂತಿದೆ, ಆದರೆ ನಾರ್‌ಅಡ್ರಿನಲಿನ್ ಇಳಿಸಲಾಗುತ್ತಿಲ್ಲ ಎನ್ನುವ ರೋಗಿಗೆ ನಾನು ಎರಡನೆಯದನ್ನೇ ಆರಿಸುತ್ತೇನೆ. ನಿಧಾನವಾಗಿ ಹೋದಷ್ಟೂ ಶ್ವಾಸಕೋಶದ ನಾಳಗಳ ಮೇಲೆ ಹಠಾತ್ ಹೊರೆ ಬೀಳುವ ಭಯ ಕಡಿಮೆ, ಅಧ್ಯಯನದ ಬೆಂಬಲವೂ ಅದಕ್ಕೇ ಹೆಚ್ಚು.

ಯಾವ ಕ್ರಮ ಹಿಡಿದರೂ ಒಟ್ಟು ಮೊತ್ತವನ್ನು ಚಾರ್ಟಿನಲ್ಲಿ ಕೂಡಿಸುತ್ತ ಹೋಗಿ. ಕೆ.ಜಿ.ಗೆ 2 ಮಿ.ಗ್ರಾಂ. ಮೊದಲು, ಆಮೇಲೆ ಗಂಟೆಗೆ 0.5ರಂತೆ ಆರು ಗಂಟೆ ಎಂದರೆ ಒಟ್ಟು ಕೆ.ಜಿ.ಗೆ 5 ಮಿ.ಗ್ರಾಂ. ಆಯಿತು. ಅದು ಕೆ.ಜಿ.ಗೆ 7 ಮಿ.ಗ್ರಾಂ. ಸಮೀಪಿಸಿದರೆ ಕರುಳಿಗೆ ಹರಿಯುವ ರಕ್ತ ಕುಗ್ಗುವ, ಶ್ವಾಸಕೋಶದ ಒತ್ತಡ ಏರುವ, ಮೆಥೆಮೊಗ್ಲೋಬಿನ್ (ಆಮ್ಲಜನಕ ಹೊರಲಾಗದ ಹಿಮೊಗ್ಲೋಬಿನ್) ತಾನೇ ಹೆಚ್ಚುವ ಅಪಾಯಗಳು ಎದುರಾಗುತ್ತವೆ. ಮೆಥೆಮೊಗ್ಲೋಬಿನನ್ನು ಇಳಿಸುವ ಔಷಧವೇ ಅತಿಯಾದರೆ ಅದನ್ನು ಏರಿಸುತ್ತದೆ.

ಹನಿಯುತ್ತಿರುವಾಗ ಏನು ನೋಡಬೇಕು

ಉಪಯೋಗವಾಗುವುದಿದ್ದರೆ ಬಹುತೇಕ ಮೊದಲ ಒಂದೆರಡು ಗಂಟೆಯಲ್ಲೇ ಗೊತ್ತಾಗುತ್ತದೆ. ಸರಾಸರಿ ಒತ್ತಡ 65 ದಾಟಿ ನಿಂತ ಮೇಲೆ ಅದನ್ನು 80ಕ್ಕೆ ಏರಲು ಬಿಡದೆ, ನಾರ್‌ಅಡ್ರಿನಲಿನ್ ಅನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಸುತ್ತ ಬನ್ನಿ. ಈ ಔಷಧದ ಲಾಭ ಎಂದರೆ ಆ ಇಳಿಕೆಯೇ. ಜೊತೆಜೊತೆಗೆ ಬೆರಳ ತುದಿಯ ರಕ್ತ ಮರಳುವ ಸಮಯ, ಮೂತ್ರದ ಪ್ರಮಾಣ, ಎರಡು ಗಂಟೆಗೊಮ್ಮೆ ಲ್ಯಾಕ್ಟೇಟ್ ಇವುಗಳನ್ನು ನೋಡಿ. ಒತ್ತಡ ಏರಿದೆ, ಆದರೆ ಕೈಕಾಲು ಇನ್ನಷ್ಟು ತಣ್ಣಗಾಗಿದೆ, ಲ್ಯಾಕ್ಟೇಟ್ ಏರುತ್ತಿದೆ, ಹೊಟ್ಟೆ ಉಬ್ಬುತ್ತಿದೆ ಎಂದಾದರೆ ಔಷಧವನ್ನು ನಿಲ್ಲಿಸಿ ಎಕೊ ಮತ್ತೆ ಮಾಡಿ. ಅಲ್ಲಿ ಬಲ ಹೃತ್ಕುಕ್ಷಿ ಮೊದಲಿಗಿಂತ ಹಿಗ್ಗಿದ್ದರೆ ಮತ್ತೆ ಆರಂಭಿಸುವ ಮಾತಿಲ್ಲ.

ಮೂತ್ರದ ಚೀಲ ಮೊದಲು ತಿಳಿ ಹಸಿರಾಗಿ, ಆಮೇಲೆ ಗಾಢ ನೀಲಿ-ಹಸಿರಾಗುತ್ತದೆ. ಬಣ್ಣ ಸಹಜ, ಆದರೆ ಅದೇ ಬಣ್ಣ ರಕ್ತಕಣ ಒಡೆದಾಗ ಬರುವ ಕಪ್ಪು ಮೂತ್ರವನ್ನು ಮರೆಮಾಡಬಹುದು. ಹೀಗಾಗಿ ಮರುದಿನ ಮತ್ತು ಅದರ ಮರುದಿನ ಹಿಮೊಗ್ಲೋಬಿನ್, ಬಿಲಿರುಬಿನ್ ನೋಡಲೇಬೇಕು. ಸಿರೊಟೋನಿನ್ ಸಿಂಡ್ರೋಮಿನ ಗುರುತುಗಳಾದ ಜ್ವರ, ಬೆವರು, ತಳಮಳ, ಹಿಗ್ಗಿದ ಪಾಪೆ ಇವೆಲ್ಲ ನಂಜಿನಿಂದಲೂ ಬರುವಂಥವೇ. ಗೊಂದಲ ಬಿಡಿಸುವುದು ಕಾಲು. ಪಾದವನ್ನು ಥಟ್ಟನೆ ಮೇಲಕ್ಕೆ ಬಾಗಿಸಿ ಹಿಡಿದಾಗ ಅದು ತಾಳಬದ್ಧವಾಗಿ ಕುಣಿಯತೊಡಗಿದರೆ, ಮೊಣಕಾಲಿನ ಪ್ರತಿವರ್ತನೆ ತೀರಾ ಚುರುಕಾಗಿದ್ದರೆ, ಔಷಧವನ್ನು ತಕ್ಷಣ ನಿಲ್ಲಿಸಿ, ಸಿರೊಟೋನಿನ್ ಹೆಚ್ಚಿಸುವ ಉಳಿದ ಔಷಧಗಳನ್ನೂ ತೆಗೆದು, ಶಮನಕಾರಿಯಾದ ಬೆಂಜೊಡಯಾಜೆಪಿನ್ ಆರಂಭಿಸಿ, ಸಿರೊಟೋನಿನ್ ಪ್ರಭಾವವನ್ನು ತಡೆಯುವ ಸಿಪ್ರೊಹೆಪ್ಟಾಡಿನ್ ಕೊಡುವ ಬಗ್ಗೆ ಯೋಚಿಸಿ. ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಪಡೆದ ರೋಗಿಯಲ್ಲಿ ಈ ಗುರುತು ಕಾಣಿಸದು ಎಂಬುದನ್ನು ನೆನಪಿಡಿ.

ಮೊದಲ ಪ್ರಮಾಣಕ್ಕೆ ಏನೂ ಕದಲದಿದ್ದರೆ ಎರಡನೆಯ ಪ್ರಮಾಣ ಕೊಡಬೇಡಿ. ಆ ಸಮಯವನ್ನು ಸೋಂಕಿನ ಮೂಲವನ್ನು ಮತ್ತೊಮ್ಮೆ ಹುಡುಕಲು ಬಳಸಿ. ಔಷಧ ಚೆನ್ನಾಗಿ ಕೆಲಸ ಮಾಡಿದ ರೋಗಿಯಲ್ಲೂ, ಹನಿ ನಿಂತ ಕೆಲವು ಗಂಟೆಗಳ ಮೇಲೆ ಒತ್ತಡ ಮತ್ತೆ ಇಳಿಯಬಹುದು. ಆದ್ದರಿಂದ ವ್ಯಾಸೊಪ್ರೆಸಿನ್ ಮತ್ತು ನಾರ್‌ಅಡ್ರಿನಲಿನ್ ಎರಡನ್ನೂ ಅದೇ ಹೊತ್ತಿಗೆ ತೆಗೆದುಬಿಡುವ ಉತ್ಸಾಹ ಬೇಡ.

ಪಾಳಿ ಬದಲಾಗುವಾಗ ಹಾಸಿಗೆಯ ತಲೆಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: ಮೆಥಿಲೀನ್ ಬ್ಲೂ ಎಷ್ಟು ಗಂಟೆಗೆ ಶುರುವಾಯಿತು, ಈವರೆಗೆ ಒಟ್ಟು ಎಷ್ಟು ಮಿ.ಗ್ರಾಂ. ಹೋಯಿತು, ಬೆರಳಿನ ಆಕ್ಸಿಮೀಟರನ್ನು ನಂಬದೆ ರಕ್ತದ ಅನಿಲ ಪರೀಕ್ಷೆಯನ್ನೇ ನೋಡಬೇಕು, ಲಿನೆಜೊಲಿಡ್, ಟ್ರಮಡಾಲ್ ಮತ್ತು ಖಿನ್ನತೆಯ ಮಾತ್ರೆಗಳನ್ನು ಕೇಳದೆ ಆರಂಭಿಸಬಾರದು. ದೇಹದಿಂದ ಇದು ಹೊರಹೋಗಲು ಒಂದು ದಿನಕ್ಕೂ ಹೆಚ್ಚು ಹಿಡಿಯುವುದರಿಂದ, ಕೊನೆಯ ಹನಿ ನಿಂತ ಮೇಲೂ ಆ ಚೀಟಿಯನ್ನು ಮರುದಿನದವರೆಗೆ ಕೀಳಬೇಡಿ.